ಒಂದೇ ಮನೆಯ ಎರಡು ದೂರು

ಆ ಸೋಮವಾರ ನಮ್ಮ ಗುರುತು ಕಚೇರಿಗೆ ಬಂದ ಮೊದಲ ದೂರು ಒಬ್ಬ ಗಂಡಸಿನದು. ನಾನು ಆಗಷ್ಟೇ ಸರ್ವರ್ ಕೋಣೆಯ ಬೀಗ ತೆಗೆದು, ಫ್ಯಾನ್ ಹಾಕಿ, ಕುರ್ಚಿ ಎಳೆದುಕೊಂಡಿದ್ದೆ. ಐವತ್ತರ ಆಸುಪಾಸಿನ ಮನುಷ್ಯ, ಹುಬ್ಬಿನ ಮೇಲೆಲ್ಲ ಹಿಟ್ಟಿನ ಧೂಳು. ಕೌಂಟರಿನ ಆಚೆ ನಿಂತು, "ಮಂದಾಕಿನಿ ಮೇಡಂ, ನನ್ನ ಗುರುತು ಬರ್ತಾ ಇಲ್ಲ" ಎಂದರು. ಹೆಸರು ಹಿಡಿದು ಕರೆದರಲ್ಲ ಎಂದು ಅವರ ಮುಖವನ್ನೇ ನೋಡಿದೆ. ಕಣ್ಣು, ಮೂಗು, ಮೀಸೆ ಎಲ್ಲ ಸರಿಯಾಗಿಯೇ ಇದ್ದವು. ಆದರೆ ಆ ಮುಖಕ್ಕೆ ಯಾವ ಹೆಸರೂ ಅಂಟಿಕೊಳ್ಳಲಿಲ್ಲ.

"ತಾವು ಯಾರು?"

"ತ್ರಿವಿಕ್ರಮ. ನಾಲ್ಕನೇ ಬೀದಿ. ಹಿಟ್ಟಿನ ಗಿರಣಿ ಇದೆಯಲ್ಲ, ಅದರ ತ್ರಿವಿಕ್ರಮ. ಹೋದ ತಿಂಗಳು ನಿಮ್ಮ ರಾಗಿ ಬೀಸಿಕೊಟ್ಟಿದ್ದೀನಿ. ಸ್ವಲ್ಪ ದಪ್ಪ ಆಯ್ತು ಅಂತ ನೀವು ಗೊಣಗಿದ್ರಿ."

ಗಿರಣಿ ತ್ರಿವಿಕ್ರಮ ನನಗೆ ಚೆನ್ನಾಗಿ ಗೊತ್ತು. ನಾನು ಲಂಗ ಉಡುತ್ತಿದ್ದ ಕಾಲದಿಂದ ನಮ್ಮ ಮನೆಯ ಹಿಟ್ಟು ಅವರ ಗಿರಣಿಯದೇ. ರಾಗಿ ದಪ್ಪವಾಗಿದ್ದೂ ನಿಜ, ನಾನು ಗೊಣಗಿದ್ದೂ ನಿಜ. ಆದರೂ ಎದುರಿಗಿದ್ದವರು ಯಾರೆಂದು ನನಗೆ ತಿಳಿಯದು. ತಿಳಿಯುವಂತೆಯೂ ಇರಲಿಲ್ಲ, ಏಕೆಂದರೆ ಅವರಿಗೆ ಆ ದಿನದ ಹಸಿರು ಸಿಕ್ಕಿರಲಿಲ್ಲ.

ನಮ್ಮ ಊರಿನಲ್ಲಿ ರಾತ್ರಿ ಮಲಗಿ ಎದ್ದ ಮೇಲೆ ಯಾರಿಗೂ ಯಾರ ಗುರುತೂ ಹತ್ತುವುದಿಲ್ಲ. ಅವರವರ ಬೀದಿಯ ಕೊನೆಯಲ್ಲಿರುವ ಕಂಬದ ಹತ್ತಿರವೇ ಹೋಗಿ ಅಂಗೈ ಇಡಬೇಕು. ಕಂಬ ನಮ್ಮ ಕಚೇರಿಯ ಸರ್ವರನ್ನು ಕೇಳುತ್ತದೆ. ಸರ್ವರ್ ಹೌದೆಂದರೆ ಹಸಿರು ದೀಪ ಹತ್ತುತ್ತದೆ, ಆ ಕ್ಷಣದಿಂದ ಮಲಗುವವರೆಗೆ ಊರಿಗೆಲ್ಲ ನೀವು ಯಾರೆಂದು ಗೊತ್ತಿರುತ್ತದೆ. ಅದಕ್ಕೇ ನಮ್ಮಲ್ಲಿ ಬೆಳಗಿನ ಹೊತ್ತು ಎಲ್ಲರೂ ಎಲ್ಲರಿಗೂ ಬಹುವಚನ. ನಾನೂ ನನ್ನ ತಂಗಿಯೂ ಒಂದೇ ಕೋಣೆಯಲ್ಲಿ ಮಲಗುತ್ತೇವೆ. ಎದ್ದ ಕೂಡಲೇ ಅವಳು "ತಾವು ಮೊದಲು ಸ್ನಾನ ಮಾಡ್ತೀರಾ?" ಎಂದು ಕೇಳುತ್ತಾಳೆ, ನಾನು "ಇಲ್ಲ, ತಾವೇ ಮಾಡಿ" ಎನ್ನುತ್ತೇನೆ. ಕಂಬದಿಂದ ಹಿಂದಿರುಗುವ ದಾರಿಯಲ್ಲಿ ಜಗಳ ಶುರುವಾಗುತ್ತದೆ, ಬಿಸಿನೀರೆಲ್ಲ ನೀನೇ ಖಾಲಿ ಮಾಡಿದೆ ಎಂದು.

ಯಾವತ್ತೋ ಒಮ್ಮೆ ಹಸಿರು ಸಿಗದೆ ಹೋಗುವುದೂ ಉಂಟು. ಅಂಗೈಗೆ ಮೆಹಂದಿ ದಪ್ಪಗೆ ಹಚ್ಚಿಕೊಂಡವರು, ಕೈ ಸುಟ್ಟುಕೊಂಡವರು. ಅಂಥವರನ್ನು ಕಾಯುವವರು ಎನ್ನುತ್ತೇವೆ. ಅವರು ಯಾವ ಮನೆಯಲ್ಲಿ ಎದ್ದರೋ ಆ ಮನೆಯವರು ಅತಿಥಿ ಎಂದುಕೊಂಡು ಊಟ ಹಾಕಬೇಕು, ಮಲಗಲು ಜಾಗ ಕೊಡಬೇಕು. ಯಾರೂ ಇದಕ್ಕೆ ಬೇಸರಪಡುವುದಿಲ್ಲ. ನಾಳೆ ಹಸಿರು ಬಂದಾಗ ಆ ಅತಿಥಿ ಸ್ವಂತ ಅತ್ತೆಯೇ ಆಗಿದ್ದರೆ ಎಂಬ ಭಯವೂ ಸ್ವಲ್ಪ ಇದ್ದೀತು.

"ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದೆ.

"ಹೊಳೆ ಬಂತಲ್ಲ, ಅವತ್ತಿನಿಂದ. ದಿನಾ ಹೋಗ್ತೀನಿ, ಕೈ ಇಡ್ತೀನಿ. ಹಳದಿ ಮಿಣಮಿಣ ಅನ್ನುತ್ತೆ, ಹಸಿರೂ ಬರುತ್ತೆ. ಕಣ್ಣಾರೆ ನೋಡಿದ್ದೀನಿ. ಆದ್ರೆ ಮನೆಗೆ ಹೋದ್ರೆ ನನ್ನ ಹೆಂಡ್ತಿ 'ಬನ್ನಿ, ಕೂತ್ಕೊಳ್ಳಿ' ಅಂತಾಳೆ."

ಹೊಳೆ ಬಂದು ಎರಡು ವಾರದ ಮೇಲಾಗಿತ್ತು. ಒಂದು ದಿನ, ಎರಡು ದಿನ ಹಸಿರು ತಪ್ಪಿದ್ದನ್ನು ಕಂಡಿದ್ದೆ, ಇಷ್ಟು ದಿನ ತಪ್ಪಿದ್ದನ್ನು ಕೇಳಿಯೂ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನ ತಲೆ ಕೆಡಿಸಿದ್ದು ಅವರ ಮಾತು. ಹಸಿರು ಬಂದಿದ್ದರೆ ಇವರು ಯಾರೆಂದು ನನಗೆ ಗೊತ್ತಾಗಬೇಕಿತ್ತು. ಗೊತ್ತಾಗದಿದ್ದರೆ ಹಸಿರು ಬಂದಿಲ್ಲ. ಎರಡೂ ಹೇಗೆ ನಿಜವಾದೀತು?

ನೋಡುತ್ತೇನೆ ಎಂದು ಹೇಳಿ ಕಳಿಸಿದೆ. ಊಟದ ಹೊತ್ತಿಗೆ ಎರಡನೇ ದೂರು ಬಂತು. ತಂದವರು ಅಂಬುಜಾಕ್ಷಿ, ನಾಲ್ಕನೇ ಬೀದಿಯಲ್ಲಿ ರವಿಕೆ ಹೊಲಿಯುವವರು. ಅವರನ್ನು ಕಂಡ ತಕ್ಷಣ ಗುರುತು ಸಿಕ್ಕಿತು. ಮೊಣಕಾಲು ನೋವು, ಮೆಟ್ಟಿಲು ಹತ್ತಿ ಬಂದು ಬೆಂಚಿನ ಮೇಲೆ ಕೂತು ಸುಧಾರಿಸಿಕೊಂಡರು.

"ಮಂದಾಕಿನಿ, ನಮ್ಮ ಯಜಮಾನ್ರು ಮನೆಗೆ ಬಂದಿಲ್ಲಮ್ಮ. ಹೊಳೆ ಬಂದ ದಿನದಿಂದ. ಗಿರಣಿಯಲ್ಲಿ ಯಾರೋ ಬೇರೆಯವರು ಕೂತಿದ್ದಾರೆ. ಎಲ್ಲಿ ಕೇಳಿದ್ರೂ ನೋಡಿಲ್ಲ ಅಂತಾರೆ. ಹೊಳೆ ಕಡೆ ಹೋಗಿದ್ರೇನೋ ಅಂತ..."

"ಮನೆಯಲ್ಲಿ ಯಾರಾದ್ರೂ ಇದ್ದಾರಾ ಈಗ?"

"ಒಬ್ಬರು ಕಾಯುವವರು ಇದ್ದಾರೆ. ಒಳ್ಳೆಯವರು ಪಾಪ. ನಡುಮನೆಯಲ್ಲಿ ಚಾಪೆ ಹಾಸ್ಕೊಂಡು ಮಲಗ್ತಾರೆ."

"ಅವರೇ ನಿಮ್ಮ ಯಜಮಾನ್ರು ಅಂತ ಹೇಳಲ್ವಾ?"

"ಹೇಳ್ತಾರೆ. ಕಾಯುವವರು ಎಲ್ಲರೂ ಏನಾದ್ರೂ ಒಂದು ಹೇಳ್ತಾರಲ್ಲಮ್ಮ. ಇಲ್ಲ ಅನ್ನೋದಕ್ಕೆ ಮನಸ್ಸು ಬರಲ್ಲ, ಹೂಂ ಅನ್ನೋದಕ್ಕೂ ಆಗಲ್ಲ. ಕಾಫಿ ಕೊಡ್ತೀನಿ."

ಆ ಮಾತಿನಲ್ಲಿ ಕಪಟವಿರಲಿಲ್ಲ. ಮನೆಯಲ್ಲಿ ಗಂಡನ ಮುಖ ಎದುರಿಗೇ ಇದ್ದೂ ಗಂಡನಿಗಾಗಿ ಕಣ್ಣು ಕೆಂಪಾಗಿಸಿಕೊಂಡಿದ್ದರು. ಅವರನ್ನು ತಪ್ಪೆನ್ನಲಿ ಹೇಗೆ? ಬೆಳಿಗ್ಗೆ ಅದೇ ಮುಖವನ್ನು ನೋಡಿ ನಾನೂ ತಾವು ಯಾರೆಂದು ಕೇಳಿದ್ದವಳೇ.

ನಮ್ಮ ಮೇಲಧಿಕಾರಿ ಫಣಿರಾಜ್ ಎರಡೂ ದೂರುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದರು. ಒಬ್ಬ ಮನೆಯಲ್ಲೇ ಇದ್ದೇನೆ ಎನ್ನುತ್ತಾನೆ, ಒಬ್ಬಳು ಗಂಡ ಮನೆಗೆ ಬಂದೇ ಇಲ್ಲ ಎನ್ನುತ್ತಾಳೆ. "ಒಂದೇ ಮನೆಯಿಂದ ಎರಡು ಥರ ದೂರು ತಗೊಳ್ಳೋಕೆ ಬರಲ್ಲ ಕಣಮ್ಮ. ಹಳೇದನ್ನ ತೆಗೆದುಹಾಕಿ ಹೊಸದನ್ನ ಇಟ್ಕೋ" ಎಂದರು. ಹಳೆಯದೆಂದರೆ ಬೆಳಿಗ್ಗೆ ಬಂದ ಗಂಡಸಿನದು. ಆಮೇಲೆ ಕ್ಯಾಲೆಂಡರ್ ನೋಡಿ ದನಿ ಇಳಿಸಿದರು. "ಅಮಾವಾಸ್ಯೆಗೆ ಪಟ್ಟಿ ಪರಿಷ್ಕರಣೆ ಇದೆ. ಪಕ್ಷ ಪೂರ್ತಿ ಹಸಿರು ಸಿಗದ ಹೆಸರನ್ನ ತೆಗೀಬೇಕಾಗುತ್ತೆ. ಅದು ನನ್ನ ಕೈಲಿಲ್ಲ. ಅಷ್ಟರೊಳಗೆ ಏನಾದ್ರೂ ಮಾಡು. ಸರ್ವರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿದ್ಯಾ?"

ಹೆಸರು ಹೋಯಿತೆಂದರೆ ಮತ್ತೆ ಬರುವುದಿಲ್ಲ. ಆಮೇಲೆ ಆ ಮನುಷ್ಯ ಸಾಯುವವರೆಗೂ ಕಾಯುವವನೇ. ಹೆಂಡತಿಗೆ ಕಚೇರಿಯಿಂದ ಒಂದು ಕಾಗದ ಹೋಗುತ್ತದೆ, ನಿಮ್ಮ ಪತಿ ಇಲ್ಲ ಎಂದು.

ಸರ್ವರನ್ನು ಆಫ್ ಮಾಡಿ ಆನ್ ಮಾಡಿದೆ. ಮಾರನೆಯ ಬೆಳಿಗ್ಗೆ ತ್ರಿವಿಕ್ರಮ ಮತ್ತೆ ಕೌಂಟರಿನ ಎದುರು ನಿಂತರು. ಅವರು ತಾವು ಯಾರೆಂದು ಹೇಳಬೇಕಾಯಿತು, ಏಕೆಂದರೆ ನಿದ್ದೆ ಮಾಡಿ ಎದ್ದ ನನಗೆ ನಿನ್ನೆ ಬಂದವರು ಇವರೇ ಎಂಬುದೂ ಮರೆತಿತ್ತು. ನಿನ್ನೆ ಒಬ್ಬರು ಬಂದಿದ್ದರು ಎಂಬುದಷ್ಟೇ ನೆನಪಿತ್ತು.

ನಾಲ್ಕನೇ ಬೀದಿಯ ಕಂಬದ ವೈರು ಬದಲಿಸಿದೆ. ಅಂಗೈ ಇಡುವ ಗಾಜನ್ನು ಸ್ಪಿರಿಟ್ ಹಾಕಿ ಒರೆಸಿದೆ. ಅವರ ಅಂಗೈಯನ್ನೂ ತೊಳೆಸಿದೆ, ಹಿಟ್ಟು ರೇಖೆಗಳ ಒಳಗೆ ಸೇರಿಕೊಂಡಿರಬಹುದೆಂದು. ಏನೂ ಆಗಲಿಲ್ಲ. ಸರ್ವರಿನ ಪರದೆಯ ಮೇಲೆ ಅವರ ಬಗ್ಗೆ ದಿನವೂ ಎರಡರಲ್ಲಿ ಒಂದು ಸಾಲು ಬರುತ್ತಿತ್ತು. ಒಂದು ದಿನ, "ಇದೇ ಕೋರಿಕೆ ಮತ್ತೆ ಬಂದಿದೆ, ಕೈಬಿಡಲಾಗಿದೆ." ಇನ್ನೊಂದು ದಿನ, "ಮೊದಲಿನದು ಮುಗಿಯುವ ಮುಂಚೆ ಬೇರೆ ಕೋರಿಕೆ ಬಂದಿದೆ, ಮೊದಲಿನದನ್ನು ಕೈಬಿಡಲಾಗಿದೆ." ಕೆಲವು ದಿನ ಎರಡೂ. ಒಂದು ಸಾಲು ಅದೇ ಎನ್ನುತ್ತದೆ, ಇನ್ನೊಂದು ಬೇರೆ ಎನ್ನುತ್ತದೆ. ಒಬ್ಬ ಮನುಷ್ಯ ಒಂದು ಕೈ ಇಟ್ಟರೆ ಅದು ಅದೂ ಆಗಿ ಬೇರೆಯೂ ಆಗುವುದು ಹೇಗೆ? ಎರಡು ಸಾಲುಗಳನ್ನೂ ಓದಿ ಓದಿ ನನಗೆ ಕನ್ನಡವೇ ಅರ್ಥವಾಗದ ಹಾಗಾಯಿತು. ಎದುರಿಗೆ ಕೂತವರು ನಿಜಕ್ಕೂ ತ್ರಿವಿಕ್ರಮರೇ ಅಲ್ಲವೇನೋ, ಅವರ ಹೆಸರಿಗೆ ಆಸೆಪಟ್ಟ ಯಾರೋ ಇರಬಹುದೇನೋ ಎಂದೂ ಒಮ್ಮೆ ಅನುಮಾನ ಬಂತು. ಅನುಮಾನ ಬಂದ ದಿನ ಅವರಿಗೆ ಟೀ ತರಿಸಲಿಲ್ಲ. ಆಮೇಲೆ ನನಗೇ ನಾಚಿಕೆಯಾಯಿತು.

ದಿನವೂ ಬರುತ್ತಿದ್ದರು. ಮೊದಮೊದಲು ಸಿಟ್ಟಿನಲ್ಲಿ, ಆಮೇಲೆ ಮಾತಾಡಲು. ಗಿರಣಿಗೆ ಹೋದರೆ ಜನ, "ತ್ರಿವಿಕ್ರಮ ಅವರು ಯಾವಾಗ ಬರ್ತಾರೆ?" ಎಂದು ಅವರನ್ನೇ ಕೇಳುತ್ತಿದ್ದರಂತೆ. ನಾನೇ ಎಂದರೆ ನಗುತ್ತಿದ್ದರಂತೆ, ನೋವಾಗದ ಹಾಗೆ.

"ಮನೆಯಲ್ಲಿ ಹೇಗಿದೆ?" ಎಂದು ಒಂದು ದಿನ ಕೇಳಿದೆ.

"ಮನೆಯಲ್ಲಿ ಚೆನ್ನಾಗಿದೆ ಮೇಡಂ. ಅದೇ ತೊಂದರೆ" ಎಂದರು.

ಅಂಬುಜಾಕ್ಷಿ ಸಂಜೆ ಹೊಲಿಗೆ ಯಂತ್ರದ ಮುಂದೆ ಕೂತು ಅತಿಥಿಯ ಜೊತೆ ಮಾತಾಡುತ್ತಿದ್ದರಂತೆ. ಮೊದಲು ರವಿಕೆಗಳ ಮಾತು, ಯಾರ ಭುಜ ಎಷ್ಟು ಅಗಲ ಎಂದು. ಆಮೇಲೆ ಗಂಡನ ಮಾತು. "ನಮ್ಮ ಯಜಮಾನ್ರಿಗೆ ಗಿರಣಿ ಸದ್ದಿಗೆ ಕಿವಿ ಮಂದ ಆಗಿದೆ ಅಂತ ಊರೆಲ್ಲ ಅನ್ಕೊಂಡಿದೆ. ಮಂದ ಏನೂ ಆಗಿಲ್ಲ. ನಾನು ಮಾತಾಡಿಸಿದಾಗ ಮಾತ್ರ ಕೇಳಿಸಲ್ಲ, ಅಷ್ಟೆ" ಎಂದಿದ್ದರಂತೆ. ಇದನ್ನು ಹೇಳುವಾಗ ತ್ರಿವಿಕ್ರಮ ಕೌಂಟರಿನ ಮೇಲಿದ್ದ ಗೋಂದಿನ ಬಾಟಲಿಯ ಮುಚ್ಚಳ ತೆಗೆಯುವುದೂ ಹಾಕುವುದೂ ಮಾಡುತ್ತಿದ್ದರು.

"ನಿಮ್ಮ ಕಿವಿ?"

"ಚೆನ್ನಾಗೇ ಇದೆ."

ಇನ್ನೊಂದು ದಿನ ಇನ್ನೊಂದು ಸಂಗತಿ ಹೇಳಿದರು. ಕೆಲವು ವರ್ಷದ ಹಿಂದೆ ಅಂಬುಜಾಕ್ಷಿ ಒಂದು ಚೀಲಕ್ಕೆ ನಾಲ್ಕು ಸೀರೆ ತುಂಬಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ಕೂತಿದ್ದರಂತೆ. ಯಾವ ಊರಿಗೆಂದು ಅವರಿಗೇ ಗೊತ್ತಿರಲಿಲ್ಲ. ಮಧ್ಯಾಹ್ನದವರೆಗೆ ಕೂತು, ಬಸ್ಸುಗಳು ಬಂದು ಹೋಗುವುದನ್ನು ನೋಡಿ, ಎದ್ದು ಮನೆಗೆ ಬಂದು ಅಕ್ಕಿ ತೊಳೆದಿಟ್ಟರು. ಗಂಡನಿಗೆ ಹೇಳಲಿಲ್ಲ. ಅತಿಥಿಗೆ ಹೇಳಿದರು.

"ಅವತ್ತು ಯಾವತ್ತು ಅಂತ ನನಗೆ ಗೊತ್ತು ಮೇಡಂ" ಎಂದರು ತ್ರಿವಿಕ್ರಮ. "ಊಟಕ್ಕೆ ಬಂದಾಗ ಅನ್ನ ಇನ್ನೂ ಆಗಿರಲಿಲ್ಲ. ತಡ ಆಯ್ತು ಅಂತ ಮುಖ ಗಂಟು ಹಾಕ್ಕೊಂಡಿದ್ದೆ. ಯಾಕೆ ತಡ ಅಂತ ಕೇಳಲಿಲ್ಲ." ಗೋಂದಿನ ಬಾಟಲಿಯನ್ನು ಪಕ್ಕಕ್ಕೆ ಸರಿಸಿ, "ಈ ಕಾಯೋ ಮನುಷ್ಯನ ಹತ್ರ ಎಷ್ಟು ಚೆನ್ನಾಗಿ ಮಾತಾಡ್ತಾಳೆ ಅಂತ ನನಗೇ ಹೊಟ್ಟೆ ಉರಿಯುತ್ತೆ. ಆಮೇಲೆ ಅವನು ನಾನೇ ಅಂತ ನೆನಪಾಗುತ್ತೆ. ಆಗ ಇನ್ನೂ ಉರಿಯುತ್ತೆ."

ನಾನು ಪರದೆಯ ಕಡೆ ತಿರುಗಿದೆ. ನನ್ನ ಕೆಲಸ ಸರ್ವರಿನದು.

ಅಮಾವಾಸ್ಯೆ ಹತ್ತಿರ ಬಂತು. ಕಚೇರಿಯಲ್ಲಿ ಕೂತು ಪರದೆ ನೋಡಿದರೆ ಆಗದು ಎನ್ನಿಸಿ ಒಂದು ಬೆಳಿಗ್ಗೆ ನನ್ನ ಹಸಿರು ಮುಗಿಸಿಕೊಂಡು ನಾಲ್ಕನೇ ಬೀದಿಗೆ ಹೋದೆ. ಕಂಬದ ಎದುರು ಹೂವಿನ ಅಂಗಡಿಯ ಪಕ್ಕ ನಿಂತೆ. ಸಾಲು ಉದ್ದವೇನಿರಲಿಲ್ಲ. ಹಿಟ್ಟಿನ ಹುಬ್ಬಿನ ಒಬ್ಬರು, ಅವರ ಹಿಂದೆಯೇ ಮಡಚಿದ ಕೈಚೀಲ ಹಿಡಿದ ಒಬ್ಬ ಹೆಂಗಸು, ಆಮೇಲೆ ಏಳೆಂಟು ಜನ. ಹಿಟ್ಟಿನ ಹುಬ್ಬಿನವರು ಕೈ ಇಟ್ಟರು. ಹಳದಿ ಮಿಣುಕಿತು. ಮಿಣುಕುತ್ತಲೇ ಇತ್ತು. ಅವರ ಹಿಂದಿನ ಹೆಂಗಸು ಒಂದು ಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಹಾಕಿದರು, ಮೊಣಕಾಲನ್ನು ಒತ್ತಿಕೊಂಡರು. ಅದನ್ನು ಕಂಡು ಇವರು ಕೈ ತೆಗೆದು ಪಕ್ಕಕ್ಕೆ ಸರಿದು, "ತಾವು ಬನ್ನಿ" ಎಂದರು. ಆಕೆ ಕೈ ಇಟ್ಟರು. ಹಸಿರು ಹತ್ತಿತು. ನನಗೆ ತಕ್ಷಣ ತಿಳಿಯಿತು, ಆಕೆ ಅಂಬುಜಾಕ್ಷಿ. ಪಕ್ಕದಲ್ಲಿದ್ದವರು ಹಸಿರನ್ನು ನೋಡಿ ತಮ್ಮದೂ ಆಯಿತೆಂಬಂತೆ ತಲೆಯಾಡಿಸಿ, ಅನುಮಾನ ಬಂದು ಮತ್ತೊಮ್ಮೆ ಕೈ ಇಟ್ಟರು. ಹಿಂದಿನವರು ಮುಂದೆ ಬಂದರು. ಇವರು ಮತ್ತೆ ಸರಿದರು.

ಓಡುತ್ತಲೇ ಕಚೇರಿಗೆ ಬಂದು ನಾಲ್ಕನೇ ಬೀದಿಯ ದಾಖಲೆಗಳನ್ನು ತೆಗೆದೆ. ಆಗ ಎಲ್ಲ ಒಂದೊಂದಾಗಿ ಬಿಚ್ಚಿಕೊಂಡಿತು. ತ್ರಿವಿಕ್ರಮ ಹುಟ್ಟಿದ್ದು ಹೊಳೆಯ ಆಚೆಯ ಊರಿನಲ್ಲಿ. ಅವರ ಹೆಸರು ನಮ್ಮ ಸರ್ವರಿನಲ್ಲಿ ಇಲ್ಲ. ಅವರ ಅಂಗೈ ಬಂದರೆ ನಮ್ಮ ಸರ್ವರ್ ಆಚೆಯ ಊರಿನ ಸರ್ವರನ್ನು ಕೇಳಬೇಕು. ಮೊದಲು ಸೇತುವೆಯ ಮೇಲಿನ ವೈರಿನಲ್ಲಿ ಉತ್ತರ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬರುತ್ತಿತ್ತು. ಹೊಳೆ ಬಂದ ದಿನ ಸೇತುವೆಯ ವೈರು ಕೊಚ್ಚಿಹೋಯಿತು. ಈಗ ಪ್ರಶ್ನೆ ಗುಡ್ಡದ ಸುತ್ತಿನ ಹಳೆಯ ವೈರಿನಲ್ಲಿ ಹೋಗಿ ಬರಬೇಕು, ಉತ್ತರ ನಿಧಾನ. ಬೇರೆ ಬೀದಿಗಳಲ್ಲೂ ಹೊಳೆಯಾಚೆಯವರಿದ್ದಾರೆ. ಅಲ್ಲಿನವು ಹೊಸ ಕಂಬಗಳು, ಬಂದ ಪ್ರತಿ ಅಂಗೈಗೂ ಬೇರೆ ಬೇರೆ ಟೋಕನ್ ಕೊಡುತ್ತವೆ. ನಾಲ್ಕನೇ ಬೀದಿಯದು ಊರಿನ ಮೊದಲ ಕಂಬ. ಅದರ ಹತ್ತಿರ ಒಂದೇ ಟೋಕನ್. ತ್ರಿವಿಕ್ರಮರ ಉತ್ತರ ಬರುವ ಮುಂಚೆ ಮುಂದಿನ ಕೈ ಬಿದ್ದರೆ ಅದಕ್ಕೂ ಅದೇ ಟೋಕನ್ ಹಾಕಿ ಕಳಿಸುತ್ತದೆ. ಒಂದೇ ಟೋಕನ್ನಿನಲ್ಲಿ ಬೇರೆ ಕೈ ಬಂದಿತಲ್ಲ, ಮೊದಲಿನವರು ಬಿಟ್ಟು ಹೋಗಿರಬೇಕು ಎಂದುಕೊಂಡು ಸರ್ವರ್ ಹಳೆಯದನ್ನು ಬಿಟ್ಟುಬಿಡುತ್ತದೆ. ಅವರು ಸರಿಯುವ ಮುಂಚೆ ಬೇಸರದಿಂದ ಇನ್ನೊಮ್ಮೆ ಕೈ ಒತ್ತಿದರೆ, ಇದನ್ನು ಆಗಲೇ ಕೇಳಿದ್ದೀರಿ ಎಂದು ಅದನ್ನೂ ಬಿಸಾಡುತ್ತದೆ. ಆಮೇಲೆ ಆಚೆಯ ಊರಿನಿಂದ ಹೌದು, ಇವರು ನಮ್ಮ ತ್ರಿವಿಕ್ರಮ ಎಂಬ ಉತ್ತರ ನಿಜವಾಗಿಯೂ ಬರುತ್ತದೆ. ದಿನವೂ ಬಂದಿತ್ತು. ಕೇಳುವವರು ಯಾರೂ ಉಳಿದಿರಲಿಲ್ಲ.

ಆ ದಿನ ಅವರು ಕಚೇರಿಗೆ ಬಂದಾಗ ಎಲ್ಲ ಹೇಳಿದೆ. "ನಿಮ್ಮ ಹಿಂದೆ ಇರೋರು ಕೈ ಇಟ್ಟ ತಕ್ಷಣ ನಿಮ್ಮದು ಬಿದ್ದುಹೋಗುತ್ತೆ" ಎಂದೆ.

"ನನ್ನ ಹಿಂದೆ ಅಂಬುಜ ಇರ್ತಾಳೆ."

"ಹೌದು."

ಅವರು ಬೆಂಚಿನ ಮೇಲೆ ಕೂತುಬಿಟ್ಟರು. "ಅವಳಿಗೆ ಇದನ್ನ ಹೇಳ್ಬೇಡಿ ಮೇಡಂ. ತನ್ನ ಕೈಯಿಂದಲೇ ಹೀಗಾಯ್ತು ಅಂತ ಕೊರಗ್ತಾಳೆ."

"ಹೇಳಲ್ಲ. ನಾಳೆ ನಾನೇ ಬಂದು ಕಂಬದ ಹತ್ರ ನಿಲ್ತೀನಿ. ಎಷ್ಟೇ ಹೊತ್ತಾದ್ರೂ ಕೈ ತೆಗೀಬೇಡಿ. ಎರಡನೇ ಸಲ ಒತ್ತಲೂ ಬೇಡಿ. ಹಿಂದಿನವರನ್ನ ನಾನು ತಡೀತೀನಿ. ಒಂದ್ಸಲ ಹಸಿರು ಬಂದ್ರೆ ಸಾಕು, ಪಟ್ಟಿಯಲ್ಲಿ ಹೆಸರು ಉಳಿಯುತ್ತೆ. ಆಮೇಲೆ ಆ ಕಂಬನ ಸರಿಮಾಡ್ತೀನಿ."

ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರು ನೆಲ ನೋಡುತ್ತಾ, "ನಾಳೆನೇ ಮಾಡ್ಬೇಕಾ?" ಎಂದರು.

"ನಾಡಿದ್ದು ಅಮಾವಾಸ್ಯೆ."

"ಹೌದಲ್ಲ" ಎಂದರು. ಎದ್ದು ಹೋದರು. ಬಾಗಿಲ ಹತ್ತಿರ ನಿಂತು, "ಇವತ್ತಿನ ಸಾಯಂಕಾಲ ಒಂದು ಇನ್ನೂ ಉಳಿದಿದೆ, ಅಲ್ವಾ?" ಎಂದು ನನ್ನನ್ನೋ ತಮ್ಮನ್ನೋ ಕೇಳಿಕೊಂಡರು.

ಮಾರನೆಯ ದಿನ ಹೋಗುವಷ್ಟರಲ್ಲಿ ಹಿಟ್ಟಿನ ಹುಬ್ಬಿನವರು ಸಾಲಿನ ಮುಂದೆಯೇ ಇದ್ದರು. ಕೈ ಇಟ್ಟರು. ಹಳದಿ ಶುರುವಾಯಿತು. ನಾನು ಕಂಬಕ್ಕೂ ಸಾಲಿಗೂ ನಡುವೆ ಅಡ್ಡ ನಿಂತೆ. ಆಮೇಲೆ ಗೊಣಗಾಟ ಶುರುವಾಯಿತು. ಅಂಗಡಿ ತೆಗೀಬೇಕು ಎಂದರು ಒಬ್ಬರು. ಹಾಲು ಉಕ್ಕುತ್ತೆ ಎಂದರು ಇನ್ನೊಬ್ಬರು. ಇವರೊಬ್ಬರಿಗೋಸ್ಕರ ಬೀದಿ ಪೂರ್ತಿ ಹೆಸರಿಲ್ಲದೆ ನಿಲ್ಲಬೇಕಾ ಎಂದು ಮತ್ತೊಬ್ಬರು ದನಿ ಎತ್ತಿದರು. ತ್ರಿವಿಕ್ರಮ ಅಭ್ಯಾಸದಂತೆ ಹಿಂದೆ ತಿರುಗಿ ನೋಡಿದರು, ಅಲ್ಲಿ ಮೊಣಕಾಲು ಒತ್ತಿಕೊಳ್ಳುತ್ತಿದ್ದ ಹೆಂಗಸನ್ನು. ಕೈ ತೆಗೆದೇಬಿಡುತ್ತಾರೆ ಎಂದು ನಾನು ಅವರ ಮಣಿಕಟ್ಟು ಹಿಡಿಯಲು ಮುಂದಾದೆ.

ಆ ಹೆಂಗಸೇ ಹೇಳಿದರು. "ಇಟ್ಕೊಂಡೇ ಇರಿ ತಾವು. ನಮಗೇನೂ ಅವಸರ ಇಲ್ಲ." ಆಮೇಲೆ ಸಾಲಿನ ಕಡೆ ತಿರುಗಿ, "ಪಾಪ, ದಿನಾ ಯಾರೋ ಒಬ್ಬರು ಮುಂದೆ ನಿಂತು ನಮಗೆ ಜಾಗ ಬಿಡ್ತಾರೆ, ಇವರೇ ಇದ್ದಾರು. ಒಂದಿನ ನಾವು ಬಿಟ್ರೆ ಏನು ಗಂಟು ಹೋಗುತ್ತೆ?" ಎಂದರು. ಆಗ ಆಕೆ ಯಾರೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಆದರೂ ಸಾಲು ಸುಮ್ಮನಾಯಿತು.

ಹಸಿರು ಹತ್ತಿತು.

ನನಗೆ ಆದದ್ದು ಇಷ್ಟು: ಎದುರಿಗೆ ಇದ್ದವರು ಗಿರಣಿ ತ್ರಿವಿಕ್ರಮ, ಬೇರೆ ಯಾರೂ ಅಲ್ಲ, ಬೇರೆ ಯಾರಾದರೂ ಆಗಿರಲು ಸಾಧ್ಯವೇ ಇರಲಿಲ್ಲ. ಇಷ್ಟು ದಿನ ನನ್ನ ಕೌಂಟರಿನಲ್ಲಿ ಗೋಂದಿನ ಬಾಟಲಿ ತಿರುವುತ್ತಿದ್ದವರು ಇವರೇ. ಹಿಂದಿದ್ದ ಹೆಂಗಸಿಗೆ ಏನಾಯಿತೋ ನನಗೆ ತಿಳಿಯದು. ಬಾಯಿಗೆ ಸೆರಗು ಒತ್ತಿಕೊಂಡರು. ಮೊದಲು ನಕ್ಕ ಹಾಗಿತ್ತು, ಆಮೇಲೆ ನಗುವಿನ ಹಾಗಿರಲಿಲ್ಲ. ತಮ್ಮ ಕೈ ಇಡಲು ಮುಂದೆ ಬಂದು ಇಟ್ಟರು, ಹಸಿರೂ ಬಂತು, ಅಂಬುಜಾಕ್ಷಿಯಾದರು. ಆಮೇಲೂ ಅಲ್ಲೇ ನಿಂತರು.

"ನಡುಮನೆಯಲ್ಲಿ ಮಲಗಿದ್ದೋರು ನೀವಾ?"

"ಹೂಂ" ಎಂದರು ತ್ರಿವಿಕ್ರಮ.

"ಎಲ್ಲಾ ಕೇಳಿಸ್ಕೊಂಡ್ರಾ?"

"ಹೂಂ."

"ಬಸ್ ಸ್ಟ್ಯಾಂಡಿಂದೂ?"

ಅವರು ತಲೆಯಾಡಿಸಿದರು. ಅಂಬುಜಾಕ್ಷಿ ಕೈಚೀಲ ಕಂಕುಳಲ್ಲಿ ಇಟ್ಟುಕೊಂಡು ಮನೆಯ ಕಡೆ ನಡೆದರು, ಆ ಮೊಣಕಾಲಿಗೆ ಆಗದಷ್ಟು ಬೇಗ. ತ್ರಿವಿಕ್ರಮ ಹಿಂದೆ ಹೋಗಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದರು. ಸಾಲಿನವರು ಒಬ್ಬೊಬ್ಬರಾಗಿ ಅವರ ಬೆನ್ನು ತಟ್ಟಿ, ಇಷ್ಟು ದಿನ ಎಲ್ಲಿ ಹೋಗಿದ್ರಿ ಮಾರಾಯ್ರೆ, ಗೋಧಿ ಹಾಗೇ ಕೂತಿದೆ ಎನ್ನುತ್ತಿದ್ದರು.

ಕಂಬಕ್ಕೆ ಹೊಸ ಟೋಕನ್ ಪೆಟ್ಟಿಗೆ ಹಾಕಿಸಿದೆ. ಉತ್ತರಕ್ಕೆ ಕಾಯುವ ಹೊತ್ತನ್ನೂ ಗುಡ್ಡದ ಸುತ್ತಿನ ದಾರಿಗೆ ತಕ್ಕಷ್ಟು ಹೆಚ್ಚಿಸಿದೆ. ಫಣಿರಾಜ್, "ನಾನು ಮೊದಲೇ ಹೇಳಿದ್ನಲ್ಲ, ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತೆ ಅಂತ" ಎಂದರು. ತ್ರಿವಿಕ್ರಮರ ಹೆಸರು ಪಟ್ಟಿಯಲ್ಲಿ ಉಳಿಯಿತು. ಅಮಾವಾಸ್ಯೆಯ ನಂತರ ಗಿರಣಿಗೆ ರಾಗಿ ಕೊಟ್ಟೆ, ನುಣ್ಣಗೆ ಬೀಸಿಕೊಟ್ಟರು. ಮನೆಯಲ್ಲಿ ಹೇಗಿದೆ ಎಂದು ಕೇಳಿದೆ. ಗಿರಣಿ ಓಡುತ್ತಿತ್ತು. ಏನೋ ಹೇಳಿದರು, ನನಗೆ ಕೇಳಿಸಲಿಲ್ಲ.

ಕೆಲವು ದಿನ ಕಳೆದು ಅಂಬುಜಾಕ್ಷಿ ಕಚೇರಿಗೆ ಬಂದರು. ತಮ್ಮ ದೂರನ್ನು ಮುಗಿಸಬೇಕಿತ್ತು. ಯಜಮಾನರು ಬಂದಿದ್ದಾರೆ ಎಂದು ಹೇಳಿ ಸಹಿ ಹಾಕಿದರು. ಹೋಗಲಿಲ್ಲ, ಬೆಂಚಿನ ಮೇಲೆ ಕೂತರು.

"ಇನ್ನೊಂದು ದೂರು ಕೊಡ್ಬೇಕಮ್ಮ."

"ಹೇಳಿ."

"ನಮ್ಮ ಮನೆಯಲ್ಲಿ ಒಬ್ಬರು ಕಾಯುವವರು ಇದ್ರು. ನಡುಮನೆಯಲ್ಲಿ ಮಲಗ್ತಿದ್ರು. ಅವರು ಕಾಣಿಸ್ತಾ ಇಲ್ಲ."

ತಮಾಷೆ ಮಾಡುತ್ತಿದ್ದಾರೆಯೇ ಎಂದು ನೋಡಿದೆ. ಇಲ್ಲ. "ಅವರು ನಿಮ್ಮ ಯಜಮಾನ್ರೇ ಅಲ್ವಾ ಅಮ್ಮ? ನಿಮಗೇ ಗೊತ್ತಾಯ್ತಲ್ಲ ಅವತ್ತು."

"ಗೊತ್ತಾಯ್ತು. ಯಜಮಾನ್ರು ಮನೇಲಿ ಇದ್ದಾರೆ, ಊಟ ಮಾಡ್ತಾರೆ, ಮಲಗ್ತಾರೆ. ಅವರ ಮೇಲೆ ನಂದೇನೂ ದೂರಿಲ್ಲ. ನಾನು ಕೇಳ್ತಿರೋದು ಅವರನ್ನ." ಸೆರಗಿನ ತುದಿಯ ನೂಲೊಂದನ್ನು ಎಳೆದು ತೆಗೆದರು. "ಹೇಳದೆ ಹೋಗೋ ಮನುಷ್ಯ ಅಲ್ಲ ಅವರು. ಅದಕ್ಕೇ ಯೋಚನೆ."

ಬರೆದುಕೊಳ್ಳಬೇಕೋ ಬೇಡವೋ ಎಂದು ಪೆನ್ನು ಹಿಡಿದು ಕೂತೆ. ಅಷ್ಟರಲ್ಲಿ ಮೆಟ್ಟಿಲ ಹತ್ತಿರ ಕೆಮ್ಮಿದ ಸದ್ದಾಯಿತು. ತ್ರಿವಿಕ್ರಮ. ಹೆಂಡತಿಯನ್ನು ಮೆಟ್ಟಿಲು ಇಳಿಸಲು ಬಂದಿದ್ದರೋ, ಎಷ್ಟು ಹೊತ್ತಿನಿಂದ ನಿಂತಿದ್ದರೋ. ಗಿರಣಿಯಿಂದ ನೇರ ಬಂದಂತಿತ್ತು. ಒಳಗೆ ಬಂದು ಹೆಂಡತಿಯ ಪಕ್ಕ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಬೆಂಚಿನ ಮೇಲೆ ಕೂತರು.

"ಬರ್ಕೊಳ್ಳಿ ಮೇಡಂ" ಎಂದರು. "ಆ ಮನುಷ್ಯನನ್ನ ನಾನೂ ಹುಡುಕ್ತಾ ಇದ್ದೀನಿ."